ಬೇರು ಸತ್ತಿಲ್ಲ, ಮರ ಬೆಳೆಯುವುದಿಲ್ಲ: ಫ್ಲೋರಿಡಾದ ಟೊರೆಯಾ

ಅಮೆರಿಕದ ಫ್ಲೋರಿಡಾ ರಾಜ್ಯದ ಉತ್ತರ ಅಂಚಿನಲ್ಲಿ ಅಪಲಾಚಿಕೋಲಾ ಎಂಬ ನದಿ ಹರಿಯುತ್ತದೆ. ಅದರ ಪೂರ್ವ ದಂಡೆಯ ಕಮರಿಗಳಲ್ಲಿ ಒಂದೇ ಕುಟುಂಬಕ್ಕೆ ಸೇರಿದ ಎರಡು ಸೂಚಿಪರ್ಣಿ ಗಿಡಗಳು ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ದೂರದಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕಡ್ಡಿಯ ಎರಡೂ ಬದಿಗೆ ಬಾಚಣಿಗೆಯ ಹಲ್ಲುಗಳಂತೆ ಸಾಲುಗಟ್ಟಿದ ಚಪ್ಪಟೆಯಾದ, ಕಡುಹಸಿರು ಎಲೆಗಳು. ಬೇರ್ಪಡಿಸಿ ಹೇಳುವುದಕ್ಕೆ ಅಂಗೈ ಸಾಕು. ಎಲೆಯ ತುದಿಗಳಿಗೆ ಅಂಗೈಯನ್ನು ಮೆಲ್ಲಗೆ ಒತ್ತಿದಾಗ ಮೆತ್ತಗಿದ್ದರೆ ಅದು ಫ್ಲೋರಿಡಾ ಯೂ. ಸೂಜಿಯ ಹಾಗೆ ಚುಚ್ಚಿದರೆ ಟೊರೆಯಾ. ಇನ್ನೂ ಅನುಮಾನ ಉಳಿದರೆ ಎಲೆಯನ್ನು ಹಿಸುಕಿ ಮೂಸಬಹುದು. ಟರ್ಪೆಂಟೈನ್ ನೆನಪಿಸುವ ಘಾಟು ಮೂಗಿಗೆ ಬಡಿಯುತ್ತದೆ. ಆ ಊರುಗಳ ಜನ ಇದನ್ನು ‘ನಾರುವ ಸೀಡರ್’ ಎಂದು ಕರೆದದ್ದು ಇದೇ ಕಾರಣಕ್ಕೆ. ಮರ ಸೀಡರ್ ಅಲ್ಲ, ಯೂ ಕುಟುಂಬದ್ದು. ನಾರುತ್ತದೆ ಎಂಬುದು ಮಾತ್ರ ನಿಜ. ಆದರೆ ಈಗ ಉಳಿದಿರುವ ಗಿಡಗಳ ಲೆಕ್ಕ ನೋಡಿದರೆ ಎಲೆ ಕಿತ್ತು ಮೂಸುವುದು ಸರಿಯಲ್ಲ. ಅಂಗೈಯ ಪರೀಕ್ಷೆಯೇ ಸಾಕು.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟೊರೆಯಾ ಟ್ಯಾಕ್ಸಿಫೋಲಿಯಾ. ಜಗತ್ತಿನಲ್ಲಿ ಇದು ಸಹಜವಾಗಿ ಬೆಳೆಯುವ ನೆಲ ಒಂದೇ: ಈ ನದಿಯ ದಂಡೆಯ ಸುಮಾರು 35 ಕಿಲೋಮೀಟರ್ ಉದ್ದದ ಕಿರಿದಾದ ಪಟ್ಟಿ. ಫ್ಲೋರಿಡಾದ ಎರಡು ಮೂರು ಕೌಂಟಿಗಳು, ಗಡಿ ದಾಟಿದರೆ ಜಾರ್ಜಿಯಾದ ಒಂದು ಮೂಲೆ, ಅಷ್ಟೇ. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿ 3ರಿಂದ 6 ಲಕ್ಷ ಮರಗಳು ಇದ್ದಿರಬೇಕೆಂದು ಸಂಶೋಧಕರು ಅಂದಾಜಿಸಿದ್ದಾರೆ. ಇಂದು ಕಾಡಿನಲ್ಲಿ ಉಳಿದಿರುವುದು ಹೆಚ್ಚೆಂದರೆ ಒಂದು ಸಾವಿರದ ಆಸುಪಾಸು. ನೂರರಲ್ಲಿ ತೊಂಬತ್ತೆಂಟಕ್ಕೂ ಹೆಚ್ಚು ಹೋದಂತಾಯಿತು. ಹಿಂದೆ ಇವು 15 ಮೀಟರ್ ದಾಟಿ ಬೆಳೆಯುತ್ತಿದ್ದವು. ಈಗ ಇರುವ ಹೆಚ್ಚಿನವು ಆಳೆತ್ತರವನ್ನೂ ಮುಟ್ಟುವುದಿಲ್ಲ.

ಅಳಿವಿನ ಕಥೆಗಳಲ್ಲಿ ಅಪರಾಧಿ ಯಾರೆಂದು ಸಾಮಾನ್ಯವಾಗಿ ಬೇಗ ತಿಳಿಯುತ್ತದೆ. ಕೊಡಲಿ, ಅಣೆಕಟ್ಟು, ಗಣಿ, ತೋಟ, ಇವುಗಳಲ್ಲಿ ಒಂದು. ಟೊರೆಯಾದ ಮೇಲೂ ಕೊಡಲಿ ಬಿದ್ದದ್ದು ಹೌದು. ಬೇಗ ಕೊಳೆಯದ ಮರವಾದ್ದರಿಂದ ಬೇಲಿಯ ಗೂಟಕ್ಕೆ, ಚಾವಣಿಯ ಹಲಗೆಗೆ ಕಡಿದರು. ನದಿಯ ಉಗಿದೋಣಿಗಳಿಗೆ ಸೌದೆಯಾಗಿ ಸುಟ್ಟರು. ಕ್ರಿಸ್‌ಮಸ್ ಮರಗಳನ್ನಾಗಿ ಮನೆಗೆ ಒಯ್ದರು. ಆದರೂ ಟೊರೆಯಾ ತಾಳಿಕೊಂಡಿತ್ತು, ಏಕೆಂದರೆ ಕಡಿದ ಬೊಡ್ಡೆಯಿಂದ ಮತ್ತೆ ಚಿಗುರುವ ಗುಣ ಇದಕ್ಕಿದೆ. ಅದನ್ನು ನೆಲಕ್ಕೆ ಕೆಡವಿದ ಪೆಟ್ಟು ಬೇರೆ, ಅದು ಬಂದದ್ದು ಕಳೆದ ಶತಮಾನದ ನಡುವಿನಲ್ಲಿ. ಆ ಹೊತ್ತಿಗೆ ಮರದ ನೆಲೆಯ ಒಂದು ಭಾಗ ಸರ್ಕಾರಿ ಉದ್ಯಾನದೊಳಗೇ ಇತ್ತು. ಕಾಡು ನಿಂತೇ ಇತ್ತು. ಅದರೊಳಗಿನ ಈ ಒಂದು ಜಾತಿಯ ಮರ ಮಾತ್ರ ಸಾಲುಸಾಲಾಗಿ ಒಣಗಿತು.

ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಮೊದಲು ನೆಲ ನೋಡಬೇಕು. ಫ್ಲೋರಿಡಾ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಸಮುದ್ರತೀರ, ಜೌಗು, ಮೊಸಳೆ. ಈ ಭಾಗ ಹಾಗಿಲ್ಲ. ನದಿಯ ಪೂರ್ವಕ್ಕೆ ಎತ್ತರದ ಮರಳುದಿಬ್ಬಗಳಿವೆ. ಮೇಲೆ ನಿಂತರೆ ಬಿಸಿಲು, ಒಣ ಮರಳು, ಉದ್ದೆಲೆಯ ಪೈನ್ ಮರಗಳು, ನಡುವೆ ಹುಲ್ಲು. ಕೆಲವು ವರ್ಷಗಳಿಗೊಮ್ಮೆ ಕಾಡ್ಗಿಚ್ಚು ಹಾದುಹೋಗುವುದು ಆ ಪೈನ್ ಕಾಡಿಗೆ ಬೇಕಾದದ್ದೇ. ಅಲ್ಲಿಂದ ಹತ್ತಾರು ಹೆಜ್ಜೆ ಇಟ್ಟರೆ ನೆಲ ಥಟ್ಟನೆ ಕುಸಿದು ಕಮರಿ ಬಾಯ್ತೆರೆಯುತ್ತದೆ. ಇಳಿಯುತ್ತ ಹೋದಂತೆ ಗಾಳಿ ತಣ್ಣಗಾಗುತ್ತದೆ, ಕಾಲಡಿ ತರಗೆಲೆ ಒದ್ದೆಯಾಗುತ್ತದೆ, ತಲೆಯ ಮೇಲೆ ಬೀಚ್ ಮತ್ತು ಮ್ಯಾಗ್ನೋಲಿಯಾ ಮರಗಳ ನೆರಳು ಕವಿಯುತ್ತದೆ. ತಳದಲ್ಲಿ ಮರಳಿನ ಮೇಲೆ ತಿಳಿನೀರಿನ ಝರಿ. ಟೊರೆಯಾ ಇರುವುದು ಈ ಎರಡರ ನಡುವಿನ ಇಳಿಜಾರಿನಲ್ಲಿ.

ಇಂಥ ಕಮರಿ ಹುಟ್ಟುವ ಬಗೆಯೇ ವಿಚಿತ್ರ. ಸಾಮಾನ್ಯವಾಗಿ ಕಣಿವೆಯನ್ನು ಕೊರೆಯುವುದು ಮೇಲಿನಿಂದ ಹರಿದುಬರುವ ಮಳೆನೀರು. ಇಲ್ಲಿ ಮೇಲಿರುವುದು ದಪ್ಪ ಮರಳಿನ ಪದರ. ಎಷ್ಟೇ ಮಳೆ ಸುರಿದರೂ ನೀರು ಹರಿಯುವುದಕ್ಕೆ ಮುಂಚೆಯೇ ಇಂಗಿಹೋಗುತ್ತದೆ. ಹೀಗೆ ಇಂಗಿದ ನೀರು ಕೆಳಗೆ ನೀರು ಬಿಡದ ಜೇಡಿಯ ಪದರಕ್ಕೆ ತಾಗಿ ಅಡ್ಡಕ್ಕೆ ತಿರುಗಿ, ದಿಬ್ಬದ ಬುಡದಲ್ಲಿ ಒರತೆಯಾಗಿ ಒಸರುತ್ತದೆ. ಒಸರುವಾಗ ಒಂದೊಂದೇ ಮರಳ ಕಣವನ್ನು ಹೊರಗೆ ತರುತ್ತದೆ. ಬುಡ ಟೊಳ್ಳಾದಾಗ ಮೇಲಿನ ಮಣ್ಣು ಜರಿದು ಬೀಳುತ್ತದೆ, ಅದನ್ನೂ ನೀರು ಸಾಗಿಸುತ್ತದೆ. ಹೀಗೆ ಕಮರಿಯ ತಲೆ ವರ್ಷ ವರ್ಷವೂ ದಿಬ್ಬದೊಳಕ್ಕೆ ಹಿಂದೆ ಹಿಂದೆ ಸರಿಯುತ್ತದೆ. ಭೂಗರ್ಭದ ಭಾಷೆಯಲ್ಲಿ ಇದಕ್ಕೆ ‘ಸ್ಟೀಪ್‌ಹೆಡ್’ ಎನ್ನುತ್ತಾರೆ. ಕಡಿದಾದ ತಲೆಯ ಕಣಿವೆ ಎಂದು ಅರ್ಥ. ಮಣ್ಣಿನೊಳಗೆ ಸೋಸಿ ಬಂದ ನೀರಾದ್ದರಿಂದ ಬೇಸಗೆಯಲ್ಲಿ ಬತ್ತುವುದಿಲ್ಲ, ಮಳೆಗಾಲದಲ್ಲಿ ಉಕ್ಕುವುದಿಲ್ಲ, ಅದರ ತಂಪೂ ವರ್ಷವಿಡೀ ಹೆಚ್ಚು ಕಡಿಮೆ ಒಂದೇ. ಮೇಲಿನಿಂದ ಇಳಿದುಬರುವ ಕಿಚ್ಚು ಈ ತೇವಕ್ಕೆ ತಾಗಿ ತಾನಾಗಿಯೇ ಆರುತ್ತದೆ. ಸುಡುವ ನಾಡಿನ ನಡುವೆ ನಿಸರ್ಗವೇ ಕಟ್ಟಿಕೊಂಡ ತಣ್ಣನೆಯ ನೆಲಮಾಳಿಗೆ ಇದು.

ಆ ನೆಲಮಾಳಿಗೆಯಲ್ಲಿ ಟೊರೆಯಾ ಒಂದೇ ಅಡಗಿ ಕುಳಿತಿಲ್ಲ. ನೂರಾರು ಕಿಲೋಮೀಟರ್ ಉತ್ತರದ ಅಪಲೇಚಿಯನ್ ಬೆಟ್ಟಗಳಲ್ಲಿ ಕಾಣಬೇಕಾದ ಹಲವು ಗಿಡಗಳು ಇಲ್ಲೂ ಇವೆ. ಬಂದದ್ದು ಹೇಗೆಂಬುದಕ್ಕೆ ನದಿಯ ಹುಟ್ಟಿನಲ್ಲಿ ಸುಳಿವಿದೆ. ಉತ್ತರ ಜಾರ್ಜಿಯಾದ ಬೆಟ್ಟಗಳಲ್ಲಿ ಹುಟ್ಟುವ ಚಾಟಹೂಚಿ ನದಿ, ಫ್ಲಿಂಟ್ ನದಿಯನ್ನು ಕೂಡಿಕೊಂಡು ಅಪಲಾಚಿಕೋಲಾ ಎಂಬ ಹೆಸರು ಪಡೆದು ಮೆಕ್ಸಿಕೋ ಕೊಲ್ಲಿಗೆ ಸೇರುತ್ತದೆ. ಹಿಮಯುಗದಲ್ಲಿ ಹಿಮದ ಹಾಸು ಈ ದಕ್ಷಿಣದ ಬೆಟ್ಟಗಳವರೆಗೆ ಬರಲಿಲ್ಲ, ಆದರೆ ಚಳಿ ಬಂತು. ಚಳಿ ಹೆಚ್ಚಿದಂತೆ ಗಿಡಮರಗಳು ತಲೆಮಾರಿನಿಂದ ತಲೆಮಾರಿಗೆ, ಬೀಜದಿಂದ ಬೀಜಕ್ಕೆ, ನದಿಯ ದಂಡೆ ಹಿಡಿದು ತೆಂಕಣಕ್ಕೆ ಸರಿದವು. ಸುಮಾರು 11–12 ಸಾವಿರ ವರ್ಷಗಳ ಹಿಂದೆ ಭೂಮಿ ಬೆಚ್ಚಗಾದಾಗ ಹಲವು ಜಾತಿಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಬೆಚ್ಚಗಾದ ಬಯಲಿನಲ್ಲಿ ಅವುಗಳ ಕೆಲವು ತುಣುಕುಗಳು ಮಾತ್ರ ಈ ತಂಪು ಕಮರಿಗಳಲ್ಲಿ ಉಳಿದುಕೊಂಡವು. ಇಂಥ ಜಾಗಕ್ಕೆ ಜೀವವಿಜ್ಞಾನಿಗಳು ಆಶ್ರಯತಾಣ ಎಂದು ಹೆಸರಿಟ್ಟಿದ್ದಾರೆ. ಟೊರೆಯಾದ ವಿಚಾರದಲ್ಲಿ ಒಂದು ವ್ಯತ್ಯಾಸವಿದೆ: ಬೀಚ್ ಮರ ಇಲ್ಲೂ ಇದೆ, ಉತ್ತರದಲ್ಲೂ ಇದೆ, ಟೊರೆಯಾ ಇಲ್ಲಿ ಮಾತ್ರ ಇದೆ. ಬಂದದ್ದು ನಿಜವಾದರೆ ಅದು ಹಿಂದಿರುಗಲಿಲ್ಲ.

ಏಕೆ ಹಿಂದಿರುಗಲಿಲ್ಲ? ಬೀಜ ನೋಡಿದರೆ ಊಹೆಗೆ ದಾರಿ ಸಿಗುತ್ತದೆ. ಪೈನ್ ಬೀಜಕ್ಕಿರುವ ರೆಕ್ಕೆ ಇದಕ್ಕಿಲ್ಲ. ಹಸಿರು ತಿರುಳಿನ ಹೊದಿಕೆಯೊಳಗೆ ದೊಡ್ಡದೊಂದು ಬೀಜ, ಬಲಿಯಲು ಎರಡು ವರ್ಷ ಬೇಕು. ಗಾಳಿಗೆ ಹಾರದು. ಅಳಿಲು ಒಯ್ದು ಹೂತು, ಹೂತದ್ದನ್ನು ಮರೆತರೆ ಉಂಟು, ಇಲ್ಲದಿದ್ದರೆ ಇಲ್ಲ. ಅಳಿಲಿನ ಓಡಾಟ ಎಷ್ಟು ದೂರ? ಮೇಲಾಗಿ ಕಮರಿಗಳಿಗೂ ಬೆಟ್ಟಗಳಿಗೂ ನಡುವೆ ಕಿಚ್ಚು ಹಾಯುವ ಒಣ ಪೈನ್ ಬಯಲು ಹಾಸಿದೆ. ಹಿಂದೆ ಈ ಬೀಜವನ್ನು ನುಂಗಿ ದೂರಕ್ಕೆ ಸಾಗಿಸುತ್ತಿದ್ದ ದೊಡ್ಡ ಪ್ರಾಣಿಗಳು ಹಿಮಯುಗದ ಕೊನೆಯಲ್ಲಿ ಅಳಿದುಹೋದವು ಎಂದು ಕೆಲವರು ವಾದಿಸುತ್ತಾರೆ. ಕೇಳಲು ಚೆಂದವಾದ ವಾದ, ಆದರೆ ಸಾಕ್ಷಿ ಒದಗುವುದು ಕಷ್ಟ. ಹಳೆಯ ಕೆರೆಗಳ ಕೆಸರಿನಲ್ಲಿ ಹುದುಗಿದ ಪರಾಗ ನೋಡಿ ಯಾವ ಮರ ಯಾವಾಗ ಎಲ್ಲಿತ್ತು ಎಂದು ಹೇಳುವುದುಂಟು. ಟೊರೆಯಾದ ಪರಾಗವೋ ಯೂ, ಸೈಪ್ರೆಸ್‌ಗಳ ಪರಾಗದಿಂದ ಬೇರ್ಪಡಿಸಲಾಗದಷ್ಟು ಸಾದಾ. ಸಾಕ್ಷಿ ಹೇಳಬೇಕಾದದ್ದೇ ಮೌನ ತಾಳಿದೆ. ಈ ಮೌನ ಮುಂದೆ ಬರುವ ಜಗಳಕ್ಕೆ ಮುಖ್ಯ.

ಇನ್ನೂ ಹಿಂದಕ್ಕೆ ಹೋದರೆ ಈ ಮರದ ದಾಯಾದಿಗಳು ಕಾಣುತ್ತಾರೆ. ಟೊರೆಯಾ ಪಂಗಡದಲ್ಲಿ ಇರುವುದೇ ಆರೇಳು ಜಾತಿ. ಒಂದು ಕ್ಯಾಲಿಫೋರ್ನಿಯಾದಲ್ಲಿ, ಮಿಕ್ಕವು ಪೂರ್ವ ಏಷ್ಯಾದಲ್ಲಿ. ಜಪಾನಿನ ‘ಕಾಯಾ’ ಮರ ಇದರ ನೆಂಟ. ‘ಗೋ’ ಎಂಬ ಮಣೆಯಾಟದ ಅತ್ಯುತ್ತಮ ಮಣೆಗಳನ್ನು ಕೆತ್ತುವುದು ಅದರಿಂದಲೇ. ಚೀನಾದ ಟೊರೆಯಾದ ಬೀಜವನ್ನು ಹುರಿದು ತಿನ್ನುತ್ತಾರೆ, ಅದಕ್ಕಾಗಿ ತೋಟಗಳನ್ನೇ ಬೆಳೆಸಿದ್ದಾರೆ. ಒಂದು ಕಾಲಕ್ಕೆ ಭೂಮಿಯ ಉತ್ತರಾರ್ಧ ಬೆಚ್ಚಗಿದ್ದಾಗ ಖಂಡದಿಂದ ಖಂಡಕ್ಕೆ ಹಬ್ಬಿದ್ದ ಕಾಡು, ಮುಂದೆ ಚಳಿಗೆ ಕುಗ್ಗಿ ಹರಿದು ಚೂರಾದಾಗ ಅಲ್ಲೊಂದು ಇಲ್ಲೊಂದು ತುಂಡು ಉಳಿಯಿತು. ಹಾರ್ವರ್ಡಿನ ಸಸ್ಯವಿಜ್ಞಾನಿ ಏಸಾ ಗ್ರೇ 19ನೆಯ ಶತಮಾನದಲ್ಲೇ ಪೂರ್ವ ಅಮೆರಿಕ ಮತ್ತು ಪೂರ್ವ ಏಷ್ಯಾಗಳ ಸಸ್ಯಗಳ ನಡುವಿನ ಈ ನಂಟನ್ನು ಎತ್ತಿ ತೋರಿಸಿದ್ದ. ಟೊರೆಯಾವನ್ನು ಕಣ್ಣಾರೆ ನೋಡಲೆಂದೇ 1875ರಲ್ಲಿ ಅವನು ಈ ನದಿಗೆ ಬಂದ.

ಆ ಹೊತ್ತಿಗೆ ವಿಜ್ಞಾನಕ್ಕೆ ಈ ಮರ ಗೊತ್ತಾಗಿ ನಲವತ್ತು ವರ್ಷವಾಗಿತ್ತು. ಕಂಡುಹಿಡಿದವನು ಹಾರ್ಡಿ ಬ್ರಯನ್ ಕ್ರೂಮ್, ಉತ್ತರ ಕ್ಯಾರೊಲಿನಾದವನು. ಫ್ಲೋರಿಡಾದಲ್ಲಿ ತೋಟ ಮಾಡಿಕೊಂಡು, ಬಿಡುವಿನಲ್ಲಿ ಗಿಡಗಳ ಬೆನ್ನು ಹತ್ತಿದವನು. 1835ರಲ್ಲಿ ಕಂಡ ಮರದ ಮಾದರಿಯನ್ನು ನ್ಯೂಯಾರ್ಕಿನ ಸಸ್ಯವಿಜ್ಞಾನಿ ಜಾನ್ ಟೊರೆಗೆ ಕಳಿಸಿದ. 1838ರಲ್ಲಿ ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ಆರ್ನಾಟ್ ಆ ಟೊರೆಯ ಹೆಸರನ್ನೇ ಮರಕ್ಕೆ ಇಟ್ಟ. ಕ್ರೂಮ್ ಅದನ್ನು ನೋಡಲಿಲ್ಲ. 1837ರ ಅಕ್ಟೋಬರಿನಲ್ಲಿ ‘ಹೋಮ್’ ಎಂಬ ಉಗಿಹಡಗು ಉತ್ತರ ಕ್ಯಾರೊಲಿನಾದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದಾಗ ಅವನೂ ಹೆಂಡತಿಯೂ ಮೂವರು ಮಕ್ಕಳೂ ಒಟ್ಟಿಗೆ ಮುಳುಗಿದರು. ನೀರಿನಲ್ಲಿ ಯಾರು ಮೊದಲು ಸತ್ತರು, ಆಸ್ತಿ ಯಾರ ಕಡೆಗೆ ಹೋಗಬೇಕು ಎಂಬ ವ್ಯಾಜ್ಯ ಸುಮಾರು ಇಪ್ಪತ್ತು ವರ್ಷ ನಡೆಯಿತು. ಅವನ ಹೆಸರು ಉಳಿದದ್ದು ಒಂದು ಪುಟ್ಟ ಸಸಿಯಲ್ಲಿ: ಅದೇ ಕಮರಿಗಳಲ್ಲಿ, ಟೊರೆಯಾದ ನೆರಳಲ್ಲೇ ಬೆಳೆಯುವ ಕ್ರೂಮಿಯಾ. 1873ರಲ್ಲಿ ಟೊರೆ ತೀರಿಕೊಂಡಾಗ ಅವನ ಶವಪೆಟ್ಟಿಗೆಯ ಮೇಲೆ ಗೆಳೆಯರು ಟೊರೆಯಾದ ಕೊಂಬೆಗಳನ್ನಿಟ್ಟರು. ಆ ಕೊಂಬೆಗಳು ಫ್ಲೋರಿಡಾದಿಂದ ಬಂದವಲ್ಲ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನೆಟ್ಟು ಬೆಳೆಸಿದ್ದ ಮರದವು. ಅಂದರೆ ಹಿಮ ಬೀಳುವ ಊರಿನಲ್ಲೂ ಈ ಮರ ಬದುಕುತ್ತದೆ ಎಂಬುದು ಆಗಲೇ ಗೊತ್ತಿತ್ತು. ಈ ಸಂಗತಿಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

(ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇದೇ ಮರಕ್ಕೆ ಸ್ಥಳೀಯರು ‘ಗೋಫರ್ ಮರ’ ಎಂದೂ ಹೇಳುತ್ತಿದ್ದರು. ಬೈಬಲ್ಲಿನಲ್ಲಿ ನೋಹ ನಾವೆ ಕಟ್ಟಿದ್ದು ಗೋಫರ್ ಮರದಿಂದ. ಇಷ್ಟು ಸಾಕಾಯಿತು, ಎಲ್ವಿ ಕ್ಯಾಲವೇ ಎಂಬ ವಕೀಲ ಆದಾಮ ಏವರ ಏದೆನ್ ತೋಟ ಇದ್ದದ್ದು ಇಲ್ಲೇ ಎಂದು ಸಾರಿ, 1950ರ ದಶಕದಲ್ಲಿ ಅದನ್ನು ಪ್ರವಾಸಿಗಳಿಗೆ ತೆರೆದ. ತೋಟದ ಗಿರಾಕಿಗಳು ಕರಗಿದರು, ಹೆಸರು ಮಾತ್ರ ಅಲ್ಲಿನ ಒಂದು ಕಾಲುಹಾದಿಗೆ ಅಂಟಿಕೊಂಡಿದೆ.)

ಕ್ಯಾಲವೇ ತನ್ನ ತೋಟ ತೆರೆದ ಕಾಲದಲ್ಲೇ ಅದರ ಮುಖ್ಯ ಆಕರ್ಷಣೆಯ ಮರ ಸಾಯತೊಡಗಿತ್ತು. 1930ರ ದಶಕದ ಕೊನೆಯಲ್ಲಿ ಕಾಯಿಲೆಯ ಲಕ್ಷಣ ಮೊದಲು ಕಂಡಿತು. 1950ರ ದಶಕದ ಹೊತ್ತಿಗೆ ದೊಡ್ಡ ಮರಗಳೆಲ್ಲ ಒಂದರ ಹಿಂದೊಂದು ಒಣಗಿದವು. 1962ರಲ್ಲಿ ಇಬ್ಬರು ಸಸ್ಯವಿಜ್ಞಾನಿಗಳು ಈ ಮರಕ್ಕೆ ಅಳಿವೇ ಗತಿ ಎಂಬರ್ಥದ ಟಿಪ್ಪಣಿಯನ್ನು ‘ಸೈನ್ಸ್’ ಪತ್ರಿಕೆಗೆ ಬರೆದರು. 1984ರಲ್ಲಿ ಅಮೆರಿಕದ ಅಳಿವಿನಂಚಿನ ಪ್ರಭೇದಗಳ ಕಾಯ್ದೆಯಡಿ ಇದಕ್ಕೆ ರಕ್ಷಣೆ ಸಿಕ್ಕಿತು. ಜಾಗತಿಕ ಕೆಂಪು ಪಟ್ಟಿಯಲ್ಲಿ ಇದು ತೀವ್ರ ಅಳಿವಿನಂಚಿನ ವರ್ಗದಲ್ಲಿದೆ.

ಸಂಶಯಿತರ ಪಟ್ಟಿ ಉದ್ದವಾಗಿತ್ತು. ನದಿಗೆ ಮೇಲ್ಭಾಗದಲ್ಲಿ ಕಟ್ಟಿದ ಅಣೆಕಟ್ಟು ಗಾಳಿಯ ತೇವವನ್ನು ಬದಲಿಸಿತೇ? ಮೇಲಿನ ದಿಬ್ಬಗಳಲ್ಲಿ ಪೈನ್ ಕಡಿದದ್ದರಿಂದ ಒರತೆ ಸೊರಗಿತೇ? ಕಿಚ್ಚು ಬೀಳದಂತೆ ತಡೆದದ್ದರಿಂದ, ಅದರ ಹೊಗೆಗೆ ಸಾಯುತ್ತಿದ್ದ ಶಿಲೀಂಧ್ರಗಳು ಬದುಕಿಕೊಂಡವೇ? ಬರಗಾಲವೇ? ಒಂದೊಂದರಲ್ಲೂ ಒಂದಿಷ್ಟು ಹುರುಳಿದೆ, ಯಾವುದೂ ಪೂರ್ತಿ ಉತ್ತರವಲ್ಲ. ರೋಗಿ ಮರಗಳಲ್ಲಿ ಬಗೆಬಗೆಯ ಶಿಲೀಂಧ್ರಗಳು ಸಿಗುತ್ತಲೇ ಇದ್ದವು. ಅವು ಕೊಂದವೋ, ಸತ್ತ ಮೇಲೆ ತಿನ್ನಲು ಬಂದವೋ ತಿಳಿಯುತ್ತಿರಲಿಲ್ಲ.

ಈ ಗೊಂದಲ ಬಿಡಿಸಲು ರೋಗವಿಜ್ಞಾನದಲ್ಲಿ ಹಳೆಯದೊಂದು ಕ್ರಮವಿದೆ, ಕಾಕ್ ನಿಯಮಗಳು ಎಂದು ಅದರ ಹೆಸರು. ಕಾಯಿಲೆ ಬಿದ್ದ ಗಿಡದಿಂದ ಸೂಕ್ಷ್ಮಜೀವಿಯನ್ನು ಹೊರತೆಗೆದು ಅದೊಂದನ್ನೇ ಬೇರೆಯಾಗಿ ಬೆಳೆಸಬೇಕು. ಬೆಳೆಸಿದ್ದನ್ನು ಆರೋಗ್ಯವಾಗಿರುವ ಗಿಡಕ್ಕೆ ಸೋಕಿಸಿದಾಗ ಅದೇ ಕಾಯಿಲೆ ಬರಬೇಕು. ಆ ಗಿಡದಿಂದ ಮತ್ತೆ ಅದೇ ಜೀವಿ ಸಿಗಬೇಕು. ಇವೆಲ್ಲವೂ ಕೂಡಿಬಂದರೆ ಮಾತ್ರ ಕಳ್ಳನನ್ನು ಮಾಲುಸಮೇತ ಹಿಡಿದಂತೆ. ಫ್ಲೋರಿಡಾ ವಿಶ್ವವಿದ್ಯಾಲಯದ ತಂಡ ಇದನ್ನು ಸಾಧಿಸಿ ವರದಿ ಮಾಡಿದ್ದು 2011ರಲ್ಲಿ. ಸಿಕ್ಕಿದ್ದು ಅಲ್ಲಿಯವರೆಗೆ ಯಾರೂ ವಿವರಿಸದ ಒಂದು ಫ್ಯುಸೇರಿಯಂ ಶಿಲೀಂಧ್ರ. 2013ರಲ್ಲಿ ಅದಕ್ಕೆ ಫ್ಯುಸೇರಿಯಂ ಟೊರೆಯೇ ಎಂದು ಹೆಸರಾಯಿತು. ಸತ್ತ ಮರಕ್ಕೇ ಕೊಲೆಗಾರನ ಹೆಸರಿನಲ್ಲಿ ಪಾಲು, ಶಾಸ್ತ್ರದ ನ್ಯಾಯ ಹೀಗೆ.

ಈ ಶಿಲೀಂಧ್ರ ಮಾಡುವುದೇನು? ಕಾಂಡದ ತೊಗಟೆಯಡಿ ಸೇರಿಕೊಂಡು ಅಲ್ಲಿನ ಜೀವಂತ ಪದರವನ್ನು ಕೊಲ್ಲುತ್ತದೆ. ಹೊರಗೆ ಉದ್ದುದ್ದ ಹುಣ್ಣು ಕಾಣುತ್ತದೆ, ತೊಗಟೆ ಸೀಳುತ್ತದೆ. ಹುಣ್ಣು ಕಾಂಡವನ್ನು ಸುತ್ತುವರಿದ ದಿನ ಮೇಲಿನ ಭಾಗಕ್ಕೆ ಆಹಾರ ನೀರಿನ ದಾರಿ ಮುಚ್ಚಿ ಅದು ಒಣಗುತ್ತದೆ. ಬೇರಿಗೆ ಏನೂ ಆಗಿರುವುದಿಲ್ಲ. ಬುಡದಿಂದ ಹೊಸ ಚಿಗುರು ಏಳುತ್ತದೆ, ಕೆಲವು ವರ್ಷ ನೆಟ್ಟಗೆ ಬೆಳೆಯುತ್ತದೆ, ತೊಡೆಯೆತ್ತರವೋ ಎದೆಯೆತ್ತರವೋ ಆಗುವಷ್ಟರಲ್ಲಿ ಅದಕ್ಕೂ ಹುಣ್ಣು ಬೀಳುತ್ತದೆ. ಮತ್ತೆ ಚಿಗುರು. ಪ್ರತಿ ಸಲವೂ ಬೇರು ಕೂಡಿಟ್ಟ ಗಂಟಿನಿಂದ ಒಂದಿಷ್ಟು ಖರ್ಚು, ಮರುಪಾವತಿ ಇಲ್ಲ. ಈಗ ಕಮರಿಗಳಲ್ಲಿ ಕಾಣುವ ಗಿಡಗಳು ಎಳೆಯವೆಂದು ತೋರಿದರೂ ಬೇರಿನ ವಯಸ್ಸು ಬೇರೆ. ಹೊಸ ತಲೆಮಾರು ಅಲ್ಲಿ ಹುಟ್ಟುತ್ತಿಲ್ಲ. ಟೊರೆಯಾದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ; ಎರಡೂ ಪರಾಗ ತಲುಪುವಷ್ಟು ಹತ್ತಿರದಲ್ಲಿ, ಒಂದೇ ಕಾಲಕ್ಕೆ, ಕಾಯಿ ಹಿಡಿಯುವ ವಯಸ್ಸಿನವರೆಗೆ ಬದುಕಿರಬೇಕು. ಈ ಕಾಡಿನಲ್ಲಿ ಅದು ಲಾಟರಿ. ಸಾಲದ್ದಕ್ಕೆ ಜಿಂಕೆಗಳು. ಗಂಡು ಜಿಂಕೆ ಕೊಂಬು ಉಜ್ಜಲು ಆರಿಸಿಕೊಳ್ಳುವುದು ಇಂಥದೇ ಗಾತ್ರದ ಕಾಂಡವನ್ನು. ಹುಣ್ಣಿಗೆ ತಪ್ಪಿಸಿಕೊಂಡದ್ದು ಕೊಂಬಿಗೆ ಸಿಕ್ಕಿ ತೊಗಟೆ ಕಳೆದುಕೊಳ್ಳುತ್ತದೆ.

ಶಿಲೀಂಧ್ರ ಎಲ್ಲಿಂದ ಬಂತು ಎಂಬುದು ಇನ್ನೂ ಪ್ರಶ್ನೆಯೇ. ಹೊರಗಿನಿಂದ ಬಂದಿರಬೇಕೆಂದು ಹಲವರ ಗುಮಾನಿ. ಗುಮಾನಿಗೆ ಕಾರಣ ಇಲ್ಲದಿಲ್ಲ: ಅಮೆರಿಕದ ಚೆಸ್ಟ್‌ನಟ್ ಮರಗಳನ್ನು 20ನೆಯ ಶತಮಾನದ ಮೊದಲರ್ಧದಲ್ಲಿ ಒರೆಸಿಹಾಕಿದ ಶಿಲೀಂಧ್ರ ಏಷ್ಯಾದಿಂದ ಬಂದದ್ದು, ಮತ್ತು ಅದು ಬಿಟ್ಟುಹೋದದ್ದೂ ಹೀಗೆಯೇ ಚಿಗುರಿ ಚಿಗುರಿ ಸಾಯುವ ಬೊಡ್ಡೆಗಳನ್ನು. ಆದರೂ ಶಿಲೀಂಧ್ರವೊಂದರ ಹೆಸರು ಹೇಳಿ ಕಡತ ಮುಚ್ಚುವುದು ಅವಸರವಾದೀತು. ಹೊಟ್ಟೆ ತುಂಬಿದ ಆಳಿಗೂ ಬಡಕಲು ಆಳಿಗೂ ಒಂದೇ ಜ್ವರ ಒಂದೇ ಥರ ಕಾಡುವುದಿಲ್ಲ. ತನ್ನ ಹಿತಕ್ಕಿಂತ ಬೆಚ್ಚಗಿನ ನೆಲದಲ್ಲಿ ಸಾವಿರಾರು ವರ್ಷ ಹಲ್ಲುಕಚ್ಚಿ ನಿಂತ ಮರಕ್ಕೆ ಹೊಸ ರೋಗ ಬಂದಾಗ ತಾಳುವ ಕಸುವು ಇರಲಿಲ್ಲವೇನೋ ಎಂಬ ಅನುಮಾನ ಹಾಗೆಯೇ ಉಳಿಯುತ್ತದೆ. ಇಲ್ಲಿಂದಲೇ ಜಗಳ ಶುರು.

ಉತ್ತರ ಕ್ಯಾರೊಲಿನಾದ ಆಶ್‌ವಿಲ್ ಬಳಿ ಬಿಲ್ಟ್‌ಮೋರ್ ಎಂಬ ಎಸ್ಟೇಟಿನ ಉದ್ಯಾನದಲ್ಲಿ 1939ರಲ್ಲಿ ಟೊರೆಯಾ ಸಸಿಗಳನ್ನು ನೆಟ್ಟಿದ್ದರು. ಫ್ಲೋರಿಡಾದ ಕಮರಿಯಲ್ಲಿ ಅವುಗಳ ಬಂಧುಗಳು ಒಣಗುತ್ತಿದ್ದಾಗ ಇವು ಬೆಟ್ಟದ ಚಳಿಯಲ್ಲಿ ಬೆಳೆದು, ಕಾಯಿ ಬಿಟ್ಟು, ಕೆಳಗೆ ಸಸಿಗಳೂ ಎದ್ದವು. ಇದನ್ನು ನೋಡಿ ಸುಮ್ಮನಿರಲಾಗದ ಕೆಲವು ಸಸ್ಯಪ್ರಿಯರು ‘ಟೊರೆಯಾ ಗಾರ್ಡಿಯನ್ಸ್’ ಎಂಬ ಗುಂಪು ಕಟ್ಟಿಕೊಂಡರು. 2008ರ ಜುಲೈಯಲ್ಲಿ ಅದೇ ರಾಜ್ಯದ ವೇನ್ಸ್‌ವಿಲ್ ಸಮೀಪದ ಖಾಸಗಿ ಜಮೀನಿನಲ್ಲಿ 31 ಸಸಿಗಳನ್ನು ನೆಟ್ಟರು. ಮೂಲನೆಲೆಯಿಂದ ಸುಮಾರು 600 ಕಿಲೋಮೀಟರ್ ಉತ್ತರಕ್ಕೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅಮೆರಿಕದ ಕಾಯ್ದೆ ಪ್ರಾಣಿಗಳ ವಿಚಾರದಲ್ಲಿ ಇರುವಷ್ಟು ಬಿಗಿಯಾಗಿ ಗಿಡಗಳ ವಿಚಾರದಲ್ಲಿಲ್ಲ. ಕಾಡಿನಿಂದ ಕದಿಯದೆ, ಬೆಳೆಸಿದ ಮರದ ಬೀಜವನ್ನು ಒಪ್ಪಿಗೆಯಿರುವ ಖಾಸಗಿ ನೆಲದಲ್ಲಿ ನೆಟ್ಟರೆ ಅಡ್ಡಿಯಿಲ್ಲ. ಹವಾಮಾನ ಬದಲಾವಣೆಯನ್ನು ಮುಂದಿಟ್ಟು ಒಂದು ಜಾತಿಯನ್ನು ಜನ ತಾವಾಗಿ ಹೊಸ ನೆಲಕ್ಕೆ ಸಾಗಿಸಿದ ಮೊದಲ ನಿದರ್ಶನಗಳಲ್ಲಿ ಇದನ್ನು ಎಣಿಸುತ್ತಾರೆ. ಇಂಥ ಕೆಲಸವನ್ನು ‘ನೆರವಿನ ವಲಸೆ’ ಎನ್ನಬಹುದು.

ಗುಂಪಿನ ವಾದ ನೇರವಾಗಿದೆ. ಫ್ಲೋರಿಡಾ ಟೊರೆಯಾದ ತವರಲ್ಲ, ಹಿಮಯುಗದ ಬಿಡಾರ. ಬಿಡಾರ ಕಿತ್ತು ಮನೆಗೆ ಹೋಗಲು ಅದಕ್ಕೆ ಕಾಲಿಲ್ಲ. ನಾವು ಎತ್ತಿಕೊಂಡು ಹೋದರೆ ಅದು ವಲಸೆಯಲ್ಲ, ಮರಳುವಿಕೆ.

ಎದುರಿನವರ ಮಾತಿಗೂ ತೂಕವಿದೆ. ಉತ್ತರದಲ್ಲಿ ಇತ್ತು ಎನ್ನಲು ಪರಾಗದ ಸಾಕ್ಷಿಯಿಲ್ಲ ಎಂಬುದು ಒಂದು. ಸಸಿಯ ಜೊತೆಗೆ ರೋಗವೂ ಹೊರಟರೆ ಏನು ಗತಿ ಎಂಬುದು ಅದಕ್ಕಿಂತ ದೊಡ್ಡದು. ಪ್ರಯೋಗಗಳಲ್ಲಿ ಈ ಫ್ಯುಸೇರಿಯಂ ಬೇರೆ ಕೆಲವು ಸೂಚಿಪರ್ಣಿಗಳ ಕಾಂಡಕ್ಕೂ ಹುಣ್ಣು ಮಾಡಬಲ್ಲದೆಂದು ಕಂಡಿದೆ. ದಕ್ಷಿಣ ಅಪಲೇಚಿಯನ್ ಬೆಟ್ಟಗಳ ಹೆಮ್ಲಾಕ್ ಮರಗಳನ್ನೂ ಫ್ರೇಸರ್ ಫರ್ ಮರಗಳನ್ನೂ ಹೊರಗಿನಿಂದ ಬಂದ ಹೀರುಕೀಟಗಳು ಈಗಾಗಲೇ ಹಿಂಡಿಹಾಕಿವೆ. ಅಂಥ ಕಾಡಿಗೆ ಇನ್ನೊಂದು ಮಾರಿಯನ್ನು ಮರ ಉಳಿಸುವ ಹೆಸರಿನಲ್ಲಿ ಕಳಿಸಿಕೊಟ್ಟರೆ ಅದನ್ನು ವಾಪಸು ಕರೆಯಲಾಗದು.

ನನಗೆ ಮೊದಲ ಗುಂಪಿನ ಅವಸರ ಅರ್ಥವಾಗುತ್ತದೆ, ಎರಡನೆಯ ಗುಂಪಿನ ಭಯ ಹೆಚ್ಚು ಸರಿಯೆನಿಸುತ್ತದೆ. ಕಮರಿಯಿಂದ ಸಸಿಯನ್ನಾಗಲಿ ಮಣ್ಣನ್ನಾಗಲಿ ತರದೆ, ತಪಾಸಣೆಯಾದ ಬೀಜದಿಂದ, ಕಣ್ಣಳತೆಯಲ್ಲಿರುವ ತೋಪುಗಳಲ್ಲಿ ಬೆಳೆಸುವುದಾದರೆ ಉತ್ತರ ದಿಕ್ಕಿಗೆ ಬಾಗಿಲು ಮುಚ್ಚಬೇಕಿಲ್ಲ. ಆದರೆ ‘ತವರು’ ಎಂಬ ಮಾತನ್ನು ಇಬ್ಬರೂ ಸ್ವಲ್ಪ ಸಡಿಲವಾಗಿ ಬಳಸುತ್ತಾರೆ. ಮರದ ತವರು ಯಾವುದು ಎಂದು ಕೇಳಿದರೆ, ಯಾವ ಕಾಲದಲ್ಲಿ ಎಂದು ಮರುಪ್ರಶ್ನೆ ಕೇಳಬೇಕಾಗುತ್ತದೆ. ಕಾನೂನು ಇಷ್ಟು ದಿನ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಅಳಿವಿನಂಚಿನ ಜೀವಿಯನ್ನು ಪ್ರಯೋಗಕ್ಕೆಂದು ಹೊಸ ಜಾಗದಲ್ಲಿ ಬಿಡುವುದಿದ್ದರೂ ಅದು ಆ ಜೀವಿಯ ಚಾರಿತ್ರಿಕ ನೆಲೆಯೊಳಗೇ ಇರಬೇಕೆಂಬುದು ಅಮೆರಿಕದ ಸಾಮಾನ್ಯ ನಿಯಮವಾಗಿತ್ತು. 2023ರಲ್ಲಿ ಅಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆ ಆ ಕಟ್ಟನ್ನು ತೆಗೆದುಹಾಕಿತು. ಹವಾಮಾನ ಬದಲಾದಾಗ ಹಳೆಯ ನೆಲೆಯೇ ವಾಸಕ್ಕೆ ಒಗ್ಗದೆ ಹೋಗಬಹುದು ಎಂಬುದನ್ನು ಕಾರಣವಾಗಿ ಕೊಟ್ಟಿತು.

ಜಗಳ ನಡೆಯುತ್ತಿರುವಾಗಲೇ ಸದ್ದಿಲ್ಲದ ಇನ್ನೊಂದು ಕೆಲಸವೂ ನಡೆದಿದೆ. ಅಳಿವಿನಂಚಿನ ಗಿಡಗಳ ಬೀಜವನ್ನು ಒಣಗಿಸಿ ಶೈತ್ಯಾಗಾರದಲ್ಲಿಡುವುದು ವಾಡಿಕೆ. ಟೊರೆಯಾಕ್ಕೆ ಅದು ನಡೆಯುವುದಿಲ್ಲ, ಒಣಗಿಸಿದರೆ ಬೀಜ ಸಾಯುತ್ತದೆ. ಹೀಗಾಗಿ ಬೀಜದೊಳಗಿನ ಭ್ರೂಣದ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ದ್ರವ ಸಾರಜನಕದಲ್ಲಿ ಕಾಪಿಡುವ ದಾರಿಯನ್ನು ಕಂಡುಕೊಂಡಿದ್ದಾರೆ. ಮಿಕ್ಕದ್ದೆಲ್ಲ ಜೀವಂತ ಮರಗಳಾಗಿಯೇ ಇರಬೇಕು. 1989ರಲ್ಲಿ ಕಾಡಿನ 160ಕ್ಕೂ ಹೆಚ್ಚು ಗಿಡಗಳಿಂದ 2,600ಕ್ಕೂ ಹೆಚ್ಚು ತುಂಡುಗಳನ್ನು ಕತ್ತರಿಸಿ ತಂದು ಬೇರು ಬರಿಸಿದರು. ಅಟ್ಲಾಂಟಾದ ಸಸ್ಯೋದ್ಯಾನ ಈಗ ಆ ಸಂಗ್ರಹದ ದೊಡ್ಡ ಪಾಲನ್ನು ನೋಡಿಕೊಳ್ಳುತ್ತಿದೆ, ಉತ್ತರ ಜಾರ್ಜಿಯಾದಲ್ಲಿ ತೋಪನ್ನೂ ಬೆಳೆಸಿದೆ.

2018ರ ಅಕ್ಟೋಬರ್ 10ರಂದು ಮೈಕಲ್ ಚಂಡಮಾರುತ ಫ್ಲೋರಿಡಾದ ಈ ಭಾಗವನ್ನು ಹಾದುಹೋದಾಗ ಆ ಸಂಗ್ರಹದ ಬೆಲೆ ತಿಳಿಯಿತು. ಕಮರಿಗಳ ಮೇಲೆ ಕೊಡೆ ಹಿಡಿದಿದ್ದ ದೊಡ್ಡ ಮರಗಳು ಉರುಳಿ, ಕೆಲವು ಟೊರೆಯಾಗಳ ಮೇಲೆಯೇ ಬಿದ್ದವು. ಬೀಳದೆ ಉಳಿದವುಗಳ ಮೇಲೆ ಹಿಂದೆಂದೂ ಬೀಳದ ಬಿಸಿಲು ಬಿತ್ತು. ನೆಲಮಾಳಿಗೆಯ ಮಾಡು ಹಾರಿಹೋಗಿತ್ತು. ಗರಗಸ ಹಿಡಿದು ದಾರಿ ಬಿಡಿಸಿಕೊಂಡು ಹೋದವರು ಮರದ ದಿಮ್ಮಿಗಳಡಿ ಗಿಡಗಳನ್ನು ಒಂದೊಂದಾಗಿ ಹುಡುಕಿ ಗುರುತು ಹಾಕಿದರು.

ಕತ್ತರಿಸಿ ನೆಡುವುದರಲ್ಲೂ ಈ ಮರದ್ದೊಂದು ಹಟವಿದೆ. ಪಕ್ಕದ ಕೊಂಬೆಯ ತುಂಡನ್ನು ನೆಟ್ಟರೆ ಬೇರು ಬರುತ್ತದೆ, ಚಿಗುರುತ್ತದೆ, ಆದರೆ ತಾನು ಇನ್ನೂ ಕೊಂಬೆಯೇ ಎಂಬಂತೆ ವರ್ಷಗಟ್ಟಲೆ ಅಡ್ಡಕ್ಕೇ ಬೆಳೆಯುತ್ತದೆ. ನೆಟ್ಟಗೆ ನಿಲ್ಲುವ ಮರ ಬೇಕೆಂದರೆ ನೆಟ್ಟಗೆ ಮೇಲೇಳುವ ಚಿಗುರಿನ ತುದಿಯನ್ನೇ ಕತ್ತರಿಸಬೇಕು. ಕಮರಿಯ ಗಿಡಕ್ಕೆ ಅಂಥ ತುದಿ ಇರುವುದು ಒಂದೋ ಎರಡೋ. ಅದನ್ನು ತೆಗೆದುಕೊಂಡವರು ಬುಡಕ್ಕೆ ಜಿಂಕೆ ತಾಗದಂತೆ ತಂತಿಯ ಬಲೆ ಸುತ್ತಿ, ಸಂಖ್ಯೆ ಕೆತ್ತಿದ ತಗಡಿನ ಚೀಟಿ ಕಟ್ಟಿ, ಮುಂದಿನ ಬೊಡ್ಡೆಯ ಕಡೆಗೆ ಇಳಿಯುತ್ತಾರೆ.